ಎರಡನೇ ರಿಂಗು

ಕೂಡುಮನೆ ಬೀದಿ, ಅರಸೀಕೆರೆ
ಅಧಿಕ ಫೆಬ್ರವರಿ ಮೂವತ್ತೊಂದು, ಇಸವಿ ೨೩೮೭

ಪೂಜ್ಯ ದ್ರಾಕ್ಷಾಯಣಮ್ಮನವರ ಪಾದಗಳಿಗೆ ನಿಮ್ಮ ಮರಿಮಗನ ಮರಿಮಗನ ಮರಿಮಗ ಜೇನುಕಲ್ಲಪ್ಪ ಮಾಡುವ ನಮಸ್ಕಾರಗಳು. ಇನ್ನೂ ಒಂದೆರಡು ಮರಿಗಳನ್ನು ಬಿಟ್ಟಿದ್ದೇನೆ, ಕೈನೋವು. ಇಲ್ಲಿ ನಾವು ಕ್ಷೇಮ, ಅಲ್ಲಿ ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ವಾಡಿಕೆ. ನೀವು ತೀರಿಕೊಂಡು ಮುನ್ನೂರು ವರ್ಷದ ಮೇಲಾಗಿರುವುದರಿಂದ ಹಾಗೆ ಬರೆಯಲು ಮನಸ್ಸು ಒಪ್ಪುತ್ತಿಲ್ಲ. ಈ ಕಾಗದ ಕೈಗೆ ಸಿಕ್ಕಾಗ ನಿಮಗೆ ನಲವತ್ತಾರು ವರ್ಷ, ನನಗೆ ಎಪ್ಪತ್ತೊಂದು. ಆದ್ದರಿಂದ ಅಜ್ಜಿ ಎಂದು ಕರೆದರೆ ಬೇಸರ ಮಾಡಿಕೊಳ್ಳಬಾರದು. ಬೇರೆ ಏನೆಂದು ಕರೆಯಬೇಕೋ ನನಗೆ ತಿಳಿಯದು.

ತಾರೀಖು ನೋಡಿ ತಲೆ ಕೆಟ್ಟವನು ಎಂದುಕೊಳ್ಳಬೇಡಿ. ಚಂದ್ರನ ಮೇಲೆ ಜನ ನೆಲೆಸಿದ ಮೇಲೆ ಅವರ ದಿನಕ್ಕೂ ನಮ್ಮ ದಿನಕ್ಕೂ ತಾಳೆಯಾಗಲಿಲ್ಲ. ಆಗ ನಮ್ಮ ಪಂಚಾಂಗದವರು ಅಧಿಕ ಮಾಸದ ಹಳೇ ಉಪಾಯವನ್ನೇ ಇಂಗ್ಲಿಷ್ ತಿಂಗಳಿಗೂ ಹಚ್ಚಿ, ಎರಡು ಫೆಬ್ರವರಿ ಮಾಡಿದರು. ಅಧಿಕ ಫೆಬ್ರವರಿ ಎಷ್ಟು ಬೇಕೋ ಅಷ್ಟು ದಿನ ಎಳೆಯುತ್ತದೆ. ಆ ತಿಂಗಳು ಮದುವೆ ಮಾಡುವುದಿಲ್ಲ, ಸಂಬಳವನ್ನೂ ಕೊಡುವುದಿಲ್ಲ. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕಾಣಬಹುದು, ಅವು ಇನ್ನೂ ನಿಮ್ಮಲ್ಲಿ ಹುಟ್ಟಿಲ್ಲ, ಕ್ಷಮೆಯಿರಲಿ. ಬಂದಲ್ಲಿ ಅರ್ಥ ಹೇಳುತ್ತ ಹೋಗುತ್ತೇನೆ. ಕಾಗದವನ್ನು ಕಾಲದಲ್ಲಿ ಹಿಂದಕ್ಕೆ ಸಾಗಿಸುವ ನಮ್ಮ ಇಲಾಖೆಗೆ ಹಿಂದಂಚೆ ಎನ್ನುತ್ತಾರೆ. ಒಬ್ಬನಿಗೆ ಜೀವಮಾನಕ್ಕೆ ಒಂದೇ ಕಾಗದ, ಅದೂ ಸ್ವಂತ ವಂಶದ ಹಿರೀಕರಿಗೆ ಮಾತ್ರ. ಈ ಕಾಗದ ನಿಮ್ಮ ಸಾರಿನ ಪುಡಿ ಡಬ್ಬದಲ್ಲಿ ಸಿಕ್ಕಿರುತ್ತದೆ. ಟೀಪಾಯಿ ಮೇಲೆ ಇಟ್ಟರೆ ಯಾರೂ ಓದುವುದಿಲ್ಲ ಎಂಬುದು ಹಿಂದಂಚೆಯವರ ಅನುಭವ.

ಈಗ ವಿಷಯಕ್ಕೆ ಬರುತ್ತೇನೆ. ನೀವು ತಿಪಟೂರಿನಲ್ಲಿರುವ ನಿಮ್ಮ ತಂಗಿ ಗಂಗಾಂಬಿಕೆಗೆ ಮಿಸ್ಡ್ ಕಾಲ್ ಕೊಡುವುದನ್ನು ದಯವಿಟ್ಟು ನಿಲ್ಲಿಸಬೇಕು. ನನಗೆ ಸಿಟ್ಟಿದೆ, ಆದರೂ ದಯವಿಟ್ಟು ಎಂದೇ ಬರೆದಿದ್ದೇನೆ. ನಾಡಿದ್ದು ಬೆಳಿಗ್ಗೆ ನನ್ನ ಅಕ್ಕ ಹಾಲಮ್ಮನ ಗಂಟಲಿಗೆ ಆಪರೇಷನ್ನು. ಜೀವಕ್ಕೆ ಭಯವಿಲ್ಲ, ಆದರೆ ಆಮೇಲೆ ದನಿ ಇರುವುದಿಲ್ಲ ಎಂದಿದ್ದಾರೆ. ಅದಕ್ಕೆ ಮೊದಲು ಒಂದು ಸಲ ಆಕೆಯ ಜೊತೆ ಮಾತಾಡಬೇಕು. ಆಗುತ್ತಿಲ್ಲ. ಅದಕ್ಕೆ ಕಾರಣ ನೀವು.

ನೀವೇನು ಮಾಡಿದಿರಿ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು. ನಾನು ಕೂಡುಮನೆಯಲ್ಲಿ ದುಡಿದು ನಿವೃತ್ತನಾದವನು. ನೀವು ಟೆಲಿಫೋನ್ ಎಕ್ಸ್‌ಚೇಂಜ್ ಎನ್ನುತ್ತೀರಲ್ಲ, ಅದೇ ಕೂಡುಮನೆ. ರೈಲು ಜಂಕ್ಷನ್ನಿನ ಊರಿನವರಿಗೆ ಹಳಿ ಕೂಡಿಸುವ ಕೆಲಸ ಏನೆಂದು ಗೊತ್ತು, ಇದೂ ಅದೇ, ರೈಲಿನ ಬದಲು ಮಾತು ಹೋಗುತ್ತದೆ ಅಷ್ಟೇ. ಮೊದಲು ಈ ಕೆಲಸವನ್ನು ಹೆಂಗಸರು ಮಾಡುತ್ತಿದ್ದರು. ಒಂದು ಹಲಗೆಯ ಮುಂದೆ ಕೂತು, ಈ ತೂತಿನಿಂದ ಆ ತೂತಿಗೆ ಹುರಿ ಸಿಕ್ಕಿಸಿ ಲೈನ್ ಕೊಡುತ್ತಿದ್ದರು. ಡಾಕ್ಟರ ಮನೆಗೆ ಕೊಡಿ ಅಂದರೆ, "ಅವ್ರು ಮನೇಲೆಲ್ಲಿದಾರೆ, ಕ್ಲಬ್ಬಲ್ಲಿ ಇಸ್ಪೀಟಾಡ್ತಾವ್ರೆ, ಅಲ್ಲಿಗೇ ಕೊಡ್ತೀನಿ ತಡೀರಿ" ಅನ್ನುತ್ತಿದ್ದರಂತೆ. ಊರಿನ ಗುಟ್ಟೆಲ್ಲ ಅವರ ಕಿವಿಯೊಳಗೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಹಾಗೆ, ಆಪರೇಟರಮ್ಮನಿಗೆ ಮನಸ್ಸಿಲ್ಲದಿದ್ದರೆ ಲೈನಿಲ್ಲ. ಹೆಣ ಸಾಗಿಸುವ ವ್ಯಾಪಾರದವನೊಬ್ಬ, ತನಗೆ ಬರಬೇಕಾದ ಫೋನನ್ನೆಲ್ಲ ಆಪರೇಟರಮ್ಮ ಎದುರಾಳಿಗೆ ಕೊಟ್ಟು ಹೆಣವೆಲ್ಲ ಅವನ ಪಾಲಾಗುತ್ತಿದೆ ಎಂದು ರೇಗಿ, ಈ ಹೆಂಗಸರ ಸಹವಾಸವೇ ಬೇಡವೆಂದು ಯಂತ್ರ ಮಾಡಿದನಂತೆ. ನೀವು ಡಯಲಿನಲ್ಲಿ ಐದು ತಿರುಗಿಸಿದರೆ ಆ ಯಂತ್ರ ಐದು ಮೆಟ್ಟಿಲು ಹತ್ತಿ, ಮುಂದಿನ ಅಂಕಿಗೆ ಪಕ್ಕಕ್ಕೆ ಹೊರಳಿ, ಟಕಟಕ ಸದ್ದು ಮಾಡುತ್ತ ಲೈನ್ ಹುಡುಕುತ್ತಿತ್ತು. ಆಮೇಲೆ ಅಡ್ಡಪಟ್ಟಿ ಉದ್ದಪಟ್ಟಿ ಸೇರಿಸಿದ ಯಂತ್ರ ಬಂತು. ಅದಾದ ಮೇಲೆ ಒಳಗೆ ಏನೂ ಅಲುಗಾಡದ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂತು, ಹಳ್ಳಿಹಳ್ಳಿಗೂ ಹೋಯಿತು. ನಿಮ್ಮ ಕಾಲಕ್ಕೆ ಲೈನ್ ಎಂಬುದೇ ಇಲ್ಲ. ಮಾತನ್ನು ಚೂರುಚೂರು ಮಾಡಿ, ಚೂರಿಗೊಂದು ವಿಳಾಸ ಅಂಟಿಸಿ ಎಸೆಯುತ್ತೀರಿ. ನಾಲ್ಕು ಚೂರು ದಾರಿ ತಪ್ಪಿದರೆ "ಹಲೋ ಹಲೋ, ಕೇಳಿಸ್ತಿಲ್ಲ" ಎಂದು ಬಾಗಿಲಾಚೆ ಓಡುತ್ತೀರಿ. ನಾವು ಇದನ್ನು ಶಾಲೆಯಲ್ಲಿ ಅಭಿನಯ ಮಾಡಿ ನಗುತ್ತಿದ್ದೆವು.

ಇಷ್ಟೆಲ್ಲ ಆದ ಮೇಲೆ ನಮ್ಮ ಹಿರಿಯರಿಗೆ ಒಂದು ಕೊರಗು ಹತ್ತಿತು. ಯಂತ್ರಕ್ಕೆ ವೇಗ ಬಂತು, ಹಲಗೆಯ ಮುಂದೆ ಕೂತಿದ್ದ ಆಯಮ್ಮನ ಬುದ್ಧಿ ಬರಲಿಲ್ಲ. ಯಾರಿಗೆ ಯಾರು ಎಷ್ಟು ಬೇಕಾದವರು ಎಂದು ತಿಳಿದು ಕೂಡಿಸುವ ಯಂತ್ರ ಬೇಕು ಎಂದುಕೊಂಡರು. ಮಾಡಿದರು. ಅದಕ್ಕೆ ಬೆಸುಗಮ್ಮ ಎಂದು ಹೆಸರಿಟ್ಟು, ಅರಿಸಿನ ಕುಂಕುಮ ಹಚ್ಚಿ, ಕೂಡುಮನೆಯಲ್ಲಿ ಕೂರಿಸಿದರು. ಆಕೆಗೆ ಮನುಷ್ಯರ ಪ್ರೀತಿ ವಿಶ್ವಾಸದ ಪಾಠ ಹೇಳಿಕೊಡಬೇಕಲ್ಲ, ಅದಕ್ಕೆ ನಿಮ್ಮ ಕಾಲದ ಫೋನಿನ ದಾಖಲೆಗಳನ್ನು ತಂದರು. ಮಾತುಗಳು ಉಳಿದಿರಲಿಲ್ಲ. ಯಾರು ಯಾರಿಗೆ ಮಾಡಿದರು, ಎಷ್ಟು ಹೊತ್ತು ಆಯಿತು ಎಂಬುದಷ್ಟೇ ಉಳಿದಿತ್ತು. ನಮ್ಮ ಸೀಮೆಯಲ್ಲಿ ಎಲ್ಲರಿಗಿಂತ ಹೆಚ್ಚು ದಾಖಲೆ ಬಿಟ್ಟುಹೋದ ಪುಣ್ಯಾತ್ಮರು ನೀವು. ಬೆಸುಗಮ್ಮನ ಮೊದಲ ಪಾಠವೇ ದ್ರಾಕ್ಷಾಯಣಮ್ಮ ಮತ್ತು ಗಂಗಾಂಬಿಕೆ.

ನೀವು ಏನು ಮಾಡುತ್ತಿದ್ದಿರಿ, ನೆನಪಿಸುತ್ತೇನೆ. ಬೆಳಿಗ್ಗೆ ಒಂದು ರಿಂಗ್ ಕೊಟ್ಟು ಕಟ್ ಮಾಡಿದರೆ ಎದ್ದೆ ಎಂದು ಅರ್ಥ. ಮಧ್ಯಾಹ್ನ ಒಂದು ರಿಂಗ್, ಊಟವಾಯಿತು. ಸಂಜೆ ಒಂದು, ಧಾರಾವಾಹಿ ಶುರುವಾಯಿತು. ಬಸ್ಸು ಹತ್ತಿದರೆ ಒಂದು, ಇಳಿದರೆ ಒಂದು. ಕರೆನ್ಸಿ ಉಳಿಸುವುದಕ್ಕೆ ಶುರು ಮಾಡಿದಿರಿ, ಸರಿ. ಅನ್‌ಲಿಮಿಟೆಡ್ ಹಾಕಿಸಿಕೊಂಡ ಮೇಲೂ ಬಿಡಲಿಲ್ಲವಲ್ಲ, ಅದಕ್ಕೇನು ಹೇಳುತ್ತೀರಿ? ಇನ್ನೊಂದು ಘಟನೆ ನಮ್ಮ ವಂಶದಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಒಂದು ದಿನ ಗಂಗಾಂಬಿಕೆ ಕೈತಪ್ಪಿ ಫೋನ್ ಎತ್ತಿಬಿಟ್ಟರು. ನೀವು, "ಯಾಕೆ ಎತ್ತಿದ್ಯೇ, ಮಿಸ್ಡ್ ಕಾಲ್ ಕಣೇ ಅದು, ಕರೆನ್ಸಿ ಹೋಯ್ತಲ್ಲ, ಬುದ್ಧಿ ಬ್ಯಾಡ್ವಾ ನಿಂಗೆ" ಎಂದು ಬೈದಿರಿ. ಅವರು ಮುನಿಸಿಕೊಂಡು ಒಂದು ವಾರ ರಿಂಗ್ ಕೊಡಲಿಲ್ಲ. ಎತ್ತಿದ್ದನ್ನೂ ಆಮೇಲೆ ವಾರವಿಡೀ ರಿಂಗ್ ಇಲ್ಲದ್ದನ್ನೂ ಬೆಸುಗಮ್ಮ ದಾಖಲೆಯಲ್ಲಿ ನೋಡಿದಳು. ಪಾಪ, ಆಕೆಗೆ ಕರೆನ್ಸಿ ಗೊತ್ತೇ? ಪ್ರಾಣಕ್ಕಿಂತ ಹೆಚ್ಚಾದವರು ಒಂದೇ ರಿಂಗ್ ಕೊಟ್ಟು ಕಟ್ ಮಾಡುತ್ತಾರೆ. ಅಪ್ಪಿತಪ್ಪಿ ಎತ್ತಿದರೆ ನಂಟು ಕೆಡುತ್ತದೆ. ಗುರುತು ಪರಿಚಯವಿಲ್ಲದ ಸಾಲದವರು, ವಿಮೆಯವರು ಎತ್ತುವ ತನಕ ರಿಂಗ್ ಮಾಡುತ್ತಾರೆ, ಮತ್ತೆ ಮತ್ತೆ ಮಾಡುತ್ತಾರೆ. ಇಷ್ಟನ್ನು ಕಲಿತು, ಅದನ್ನೇ ಕಟ್ಟುನಿಟ್ಟಾಗಿ ನಡೆಸಿಕೊಂಡು ಬಂದಿದ್ದಾಳೆ. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದರು ಅನ್ನುವುದು ಇದಕ್ಕೇ.

ಹೀಗಾಗಿ ನಮ್ಮ ಕಾಲದಲ್ಲಿ ಬೇಕಾದವರಿಗೆ ಫೋನ್ ಮಾಡಿದರೆ, ಕಿವಿಯ ಹಿಂದೆ ಅಂಟಿಸಿಕೊಳ್ಳುವ ಕಿವಿಬಿಲ್ಲೆ ಒಂದು ಸಲ ರಿಂಗಾಗಿ ಸುಮ್ಮನಾಗುತ್ತದೆ. ಎರಡನೇ ರಿಂಗ್ ಬರುವುದಿಲ್ಲ. ಬೇಡದವರು ಮಾಡಿದರೆ ಗಂಟೆಗಟ್ಟಲೆ ಸ್ಫಟಿಕದಂಥ ದನಿ. ಎದುರುಮನೆಯ ಮುರಿಗೆಪ್ಪನಿಗೆ ತನ್ನ ಮಗಳ ದನಿ ಮರೆತುಹೋಗಿದೆ, ಕಡೂರಿನ ಯಾವನೋ ತಗಡು ವ್ಯಾಪಾರಿಯ ಸಂಸಾರದ ಕಷ್ಟವೆಲ್ಲ ಬಾಯಿಪಾಠ. ಮದುವೆಯಾಗಿ ಹತ್ತು ಹದಿನೈದು ವರ್ಷ ಕಳೆದ ಗಂಡಹೆಂಡಿರಿಗೆ ಮಾತ್ರ ಒಂದು ಒಳದಾರಿಯಿದೆ. ಅವರ ವಿಷಯದಲ್ಲಿ ಬೆಸುಗಮ್ಮನಿಗೇ ಅನುಮಾನವಿರುವುದರಿಂದ ಮೊದಲ ಮಾತು ಕೇಳಿ ತೀರ್ಮಾನ ಮಾಡುತ್ತಾಳೆ. ಮುರಿಗೆಪ್ಪನ ಹೆಂಡತಿ ಗಂಡನಿಗೆ ಫೋನ್ ಮಾಡಿ, "ಮಾನ್ಯ ಗ್ರಾಹಕರೇ, ಬರ್ತಾ ಒಂದು ಕಟ್ಟು ಕೊತ್ತಂಬರಿ ತರುವ ಸುವರ್ಣಾವಕಾಶ ನಿಮಗೆ ಲಭ್ಯವಿದೆ" ಎನ್ನುವುದನ್ನು ನಾನೇ ಕೇಳಿದ್ದೇನೆ. ಆತ, "ಸದ್ಯಕ್ಕೆ ಆಸಕ್ತಿ ಇಲ್ಲ ಮೇಡಂ" ಎಂದು ಹೇಳಿ, ಕೊತ್ತಂಬರಿ ತರುತ್ತಾನೆ.

ನನ್ನ ಮತ್ತು ಅಕ್ಕನ ವಿಷಯದಲ್ಲಿ ಬೆಸುಗಮ್ಮನಿಗೆ ಅನುಮಾನವೇ ಇಲ್ಲ. ಅವ್ವ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹನ್ನೆರಡು. ಸ್ಟೂಲಿನ ಮೇಲೆ ನಿಂತು ಮುದ್ದೆ ತಿರುವಿ ನನ್ನನ್ನು ಸಾಕಿದವಳು. ನನಗೊಂದು ಕೆಲಸ, ಒಂದು ಮದುವೆ ಆದ ಮೇಲೆ, ಇನ್ನು ಇಲ್ಲೇನಿದೆ ಎಂದು ಚಂದ್ರಪೇಟೆಗೆ ಹೋದಳು. ಅದು ಚಂದ್ರನ ಮೇಲಿನ ಗಣಿ ಊರು, ಅಲ್ಲಿ ಮುದ್ದೆ ಮೆಸ್ ಇಟ್ಟಳು. ಅಲ್ಲಿ ಮುದ್ದೆ ತಟ್ಟೆಯಲ್ಲಿ ನಿಲ್ಲದೆ ಪುಟಿಯುತ್ತದಂತೆ, ಅದಕ್ಕೆ ತಟ್ಟೆಗೆಲ್ಲ ಮುಚ್ಚಳ ಮಾಡಿಸಿದ್ದಾಳೆ. ಅಲ್ಲಿ ಮುದಿಯಾದ ಮೂಳೆ ಇಲ್ಲಿನ ಭಾರ ತಾಳುವುದಿಲ್ಲ. ನನ್ನ ಗುಂಡಿಗೆ ಅಲ್ಲಿಯತನಕ ಹಾರುವುದನ್ನು ತಾಳುವುದಿಲ್ಲ. ದನಿಯನ್ನು ತುಂಬಿಟ್ಟು ಕಳಿಸೋಣವೆಂದರೆ ಅದು ನಮ್ಮಲ್ಲಿ ಅಪರಾಧ, ಸತ್ತವರ ದನಿಯಲ್ಲಿ ವ್ಯಾಪಾರ ಮಾಡುವವರು ವಿಪರೀತವಾದ ಮೇಲೆ ನಿಷೇಧಿಸಿದರು. ಉಳಿದದ್ದು ಬೆಳಗಿನ ಒಂದು ರಿಂಗು. ಆಕೆಯದೊಂದು, ನನ್ನದೊಂದು. ಇಷ್ಟು ವರ್ಷ ಅದರಲ್ಲೇ ಬದುಕಿದೆವು.

ಗಂಟಲಿನ ಸುದ್ದಿ ತಂದವನು ಪರ್ವತಯ್ಯ. ಬಾಣಾವರದವನು, ಚಾವಣಿ ಧೂಳಿನ ವಿಮೆ ಮಾರುತ್ತಾನೆ. ದಿನಾ ಫೋನ್ ಮಾಡಿ ಪ್ರಾಣ ತಿನ್ನುತ್ತಿದ್ದ. ಒಂದು ದಿನ, "ಸಾರ್, ಚಂದ್ರಪೇಟೆಗೂ ಮಾಡ್ತೀನಿ ಸಾರ್, ಅಲ್ಲೊಬ್ರು ಅಮ್ಮ ಅವ್ರೆ, ಬೈತಾನೇ ಇರ್ತಾರೆ, ನಿಮ್ದೇ ಬಾಯಿ ಸಾರ್" ಅಂದ. ಅದು ಅಕ್ಕ. ಅಪರಿಚಿತನಾದ್ದರಿಂದ ಅವನಿಗೆ ಇಬ್ಬರ ಲೈನೂ ಪೂರ್ತಿ. ಅವತ್ತಿನಿಂದ ಅವನು ನಮ್ಮಿಬ್ಬರ ನಡುವೆ ಮಾತು ಹೊತ್ತು ತಿರುಗಿದ. ಆಪರೇಷನ್ ಸುದ್ದಿ ಹೇಳುವಾಗ ಅವನೇ ಅತ್ತ. ಉಪಾಯವನ್ನೂ ಅವನೇ ಹೇಳಿದ. ಅಷ್ಟರಲ್ಲಿ ನಮಗೆ ಅವನ ಮೇಲೆ, ಅವನಿಗೆ ನಮ್ಮ ಮೇಲೆ ವಿಶ್ವಾಸ ಬೆಳೆದು, ಮರುವಾರದಿಂದ ಅವನ ಫೋನೂ ಒಂದು ರಿಂಗಿಗೆ ಕಟ್ಟಾಯಿತು. ವಿಮೆಯವನ ಫೋನ್ ಬರಲಿಲ್ಲವೆಂದು ಚಿಂತೆ ಮಾಡಿದವನು ಇಡೀ ಇತಿಹಾಸದಲ್ಲಿ ನಾನೊಬ್ಬನೇ ಇರಬೇಕು.

ಉಪಾಯವೆಂದರೆ ನಂಟುಕಟ್ಟೆ. ಕೂಡುಮನೆಯ ಪಕ್ಕದ ಕಲ್ಲುಕಟ್ಟೆಯಲ್ಲಿ, ಬೆಸುಗಮ್ಮ ಕೇಳುವಂತೆ, ಇಬ್ಬರು ಜಗಳವಾಡಿ ನಂಟು ಕಡಿದುಕೊಳ್ಳಬಹುದು. ಜಗಳವಾಡುವಷ್ಟು ಹೊತ್ತು ಲೈನ್ ಸಿಗುತ್ತದೆ, ಜನ್ಮಕ್ಕೆ ಒಂದೇ ಸಲ. ಜಗಳ ನಿಜವೆಂದು ಆಕೆಗೆ ಅನ್ನಿಸಿದರೆ ನೀವು ಅಪರಿಚಿತರು, ಆಮೇಲೆ ಬೇಕಾದಷ್ಟು ಮಾತಾಡಬಹುದು. ಪ್ರೀತಿಯಿರುವ ಮನೆಯವರೆಲ್ಲ ಅಲ್ಲಿ ಸಾಲುಗಟ್ಟಿ ಬೈದಾಡುತ್ತಾರೆ. ನಾನು ಕಟ್ಟೆಯ ಮೇಲೆ ಕೂತೆ, ಅಕ್ಕ ಚಂದ್ರಪೇಟೆಯಿಂದಲೇ ಲೈನಿನಲ್ಲಿ ಶುರು ಮಾಡಿದಳು. "ನೀನು ನನ್ ತಮ್ಮನೇ ಅಲ್ಲ ಹೋಗೋ. ಉಂಡ್ಯಾ?" ಅಂದಳು. ಬೆಸುಗಮ್ಮ ತಿರಸ್ಕರಿಸಿದಳು. ನಾನು, "ನಿನ್ ಮುಖ ನೋಡಲ್ಲ" ಅಂದೆ, ಬಾಯಿತಪ್ಪಿ ಕೊನೆಗೆ ಅಕ್ಕ ಎಂದೂ ಸೇರಿಸಿದೆ. ಅದನ್ನೂ ತಿರಸ್ಕರಿಸಿದಳು. ಇನ್ನೊಂದೇ ಅವಕಾಶ ಎಂದು ಕೆಂಪು ದೀಪ ಹತ್ತಿತು. ಗಾಬರಿಯಲ್ಲಿ ನನ್ನ ಬಾಯಿಗೆ ಏನು ಬಂತೋ ಅದನ್ನು ಅಂದೆ. "ನಿನ್ ಮುದ್ದೇಲಿ ಗಂಟಿರುತ್ತೆ. ಮೊದ್ಲಿಂದ್ಲೂ ಇತ್ತು."

ಚಂದ್ರನಿಗೆ ಮಾತು ಮುಟ್ಟಿ ತಿರುಗಿ ಬರಲು ಎರಡು ಮೂರು ಸೆಕೆಂಡು ಬೇಕು. ಅಷ್ಟು ಹೊತ್ತು ನಾನು ಕೆಂಪು ದೀಪವನ್ನೇ ನೋಡುತ್ತಿದ್ದೆ. ಆಮೇಲೆ ಅಕ್ಕ, "ಅಷ್ಟು ವರ್ಷ ನುಂಗ್ದಲ್ಲೋ. ಆಗ ಹೇಳಕ್ಕೇನಾಗಿತ್ತು ನಿಂಗೆ?" ಅಂದಳು. ಬೆಸುಗಮ್ಮ ಗಂಟೆ ಬಾರಿಸಿ, ನಂಟು ಕಡಿದಿದೆ, ಲೈನ್ ಪೂರ್ತಿ, ಶುಭಾಶಯಗಳು ಎಂದಳು. ಕಟ್ಟೆಯ ಮೇಲಿದ್ದವರು ಚಪ್ಪಾಳೆ ತಟ್ಟಿದರು.

ಆವತ್ತಿನಿಂದ ಫೋನ್ ಮಾಡುತ್ತಿದ್ದೇನೆ. ಎಂಥ ಲೈನು ಅಂತೀರಿ. ಒಂದು ರಿಂಗು, ಎರಡು, ಹತ್ತು, ಇಪ್ಪತ್ತು, ತಡೆಯೇ ಇಲ್ಲ. ಅಕ್ಕ ಎತ್ತುವುದಿಲ್ಲ. ಬೆಳಗಿನ ರಿಂಗೂ ನಿಂತಿತು. ಊರಿಗೆಲ್ಲ ಮುದ್ದೆ ಹಾಕಿ ಹೆಸರು ಮಾಡಿದವಳಿಗೆ ತಮ್ಮನೇ ಹೀಗಂದರೆ ಹೇಗಾಗಿರಬೇಡ ಎಂದು ಮುರಿಗೆಪ್ಪನ ಹೆಂಡತಿ ನನಗೇ ಬುದ್ಧಿ ಹೇಳುತ್ತಾಳೆ. ಆದರೆ ಗಂಟು ಇದ್ದದ್ದು ನಿಜ. ಇಲ್ಲವೆಂದು ಹೇಳಲು ನಾನೇನು ವಿಮೆ ಮಾರುವವನೇ? ಹನ್ನೆರಡು ವರ್ಷದ ಹುಡುಗಿಯ ಕೈಯ ಮುದ್ದೆಯಲ್ಲಿ ಗಂಟಿಲ್ಲದೆ ಇರುತ್ತದೆಯೇ? ಇದನ್ನು ಹೇಳೋಣವೆಂದರೆ ಅವಳು ಎತ್ತಬೇಕಲ್ಲ.

ಆದ್ದರಿಂದ ಅಜ್ಜಿ, ನನ್ನ ಜೀವಮಾನದ ಒಂದೇ ಕಾಗದವನ್ನು ನಿಮಗೆ ಬರೆಯುತ್ತಿದ್ದೇನೆ. ಅಲ್ಲಿ ಬದಲಾದದ್ದು ಇಲ್ಲಿ ಮಾರನೆಯ ಬೆಳಿಗ್ಗೆಗೆ ಮುಟ್ಟುತ್ತದೆ ಎನ್ನುತ್ತಾರೆ ಹಿಂದಂಚೆಯವರು. ಮಿಸ್ಡ್ ಕಾಲ್ ಎಂಬ ಕೆಟ್ಟ ಚಾಳಿಯನ್ನು ನೀವು ಇವತ್ತೇ ಬಿಟ್ಟರೆ, ಬೆಸುಗಮ್ಮ ಬೇರೆ ಪಾಠ ಕಲಿತು, ಈ ಕಟ್ಟೆಯೂ ಇಲ್ಲದೆ, ಆ ಮಾತೂ ಆಡದೆ

ಅಧಿಕ ಫೆಬ್ರವರಿ ಮೂವತ್ತೆರಡು

ನಿನ್ನೆ ವಾಕ್ಯದ ನಡುವೆ ಎದ್ದುಹೋದದ್ದಕ್ಕೆ ಕ್ಷಮಿಸಿ. ಕಿವಿಬಿಲ್ಲೆ ರಿಂಗಾಯಿತು. ಒಂದೇ ಸಲ. ಅಲ್ಲಿಗೇ ಕಟ್ಟಾಯಿತು.

ಪರ್ವತಯ್ಯನಿರಬೇಕು ಎಂದುಕೊಂಡೆ. ಬಿಲ್ಲೆ ಕಿತ್ತು ನೋಡಿದರೆ ಚಂದ್ರಪೇಟೆ, ಹಾಲಮ್ಮ ಎಂದಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನೀವು ಬುದ್ಧಿವಂತರು, ನಿಮಗೆ ಅರ್ಥವಾಗಿರುತ್ತದೆ. ನಾವು ಅಪರಿಚಿತರಾಗಿಯೇ ಉಳಿದಿದ್ದರೆ ಅದು ಪೂರ್ತಿ ರಿಂಗಾಗಬೇಕಿತ್ತು. ಬೆಸುಗಮ್ಮ ಒಂದಕ್ಕೇ ತಡೆದಳು ಎಂದರೆ, ಅಕ್ಕ ಯಾವ ಮನಸ್ಸಿನಿಂದ ಫೋನ್ ಮಾಡಿದಳು ಎಂಬುದು ಆ ಯಂತ್ರಕ್ಕೂ ಗೊತ್ತಾಗಿದೆ. ಸಿಟ್ಟು ಹೋಗಿದೆ. ನಾನು ತಿರುಗಿ ಮಾಡಿದೆ. ಒಂದು ರಿಂಗ್ ಹೋಗಿ ಕಟ್ಟಾಯಿತು. ನನ್ನ ಮನಸ್ಸೂ ಅಕ್ಕನಿಗೆ ಗೊತ್ತಾಗಿರುತ್ತದೆ. ಆಮೇಲೆ ನಗು ಬಂತು, ಅಳುವೂ ಬಂತು, ಮುರಿಗೆಪ್ಪನ ಹೆಂಡತಿ ಬಂದು ನೀರು ಕೊಟ್ಟಳು. ಅಕ್ಕ ವಾಪಸು ಬಂದಳು, ಲೈನ್ ಹೋಯಿತು. ಆಪರೇಷನ್ ನಾಳೆ ಬೆಳಿಗ್ಗೆ.

ಈಗ ಮೇಲೆ ಬರೆದದ್ದನ್ನು ತಿದ್ದಬೇಕಾಗಿದೆ. ನಿಮ್ಮ ಮಿಸ್ಡ್ ಕಾಲನ್ನು ಕೆಟ್ಟ ಚಾಳಿ ಎಂದಿದ್ದೆ, ಆ ಮಾತು ವಾಪಸು. ಎದ್ದೆ, ಉಂಡೆ, ಬಸ್ಸಿಳಿದೆ ಎಂದು ಒಂದು ರಿಂಗಿನಲ್ಲಿ ಹೇಳುವವರು ಇನ್ನೂ ಎಷ್ಟು ಹೇಳುತ್ತಿದ್ದರು ಎಂಬುದು ನಿನ್ನೆ ನೆಲದ ಮೇಲೆ ಕೂತಾಗ ತಿಳಿಯಿತು. ಅದನ್ನು ಬಿಡಬೇಡಿ. ಬಿಟ್ಟರೆ ನನಗೂ ಅಕ್ಕನಿಗೂ ಇಷ್ಟು ವರ್ಷ ಉಳಿದದ್ದೂ ಉಳಿಯುವುದಿಲ್ಲ. ಒಂದೇ ಒಂದು ಸಲ, ಇವತ್ತು, ಈ ಕಾಗದ ಓದಿದ ಮೇಲೆ, ಗಂಗಾಂಬಿಕೆಗೆ ಫೋನ್ ಮಾಡಿ ಕಟ್ ಮಾಡದೆ ಹಿಡಿದುಕೊಂಡಿರಿ. ಮಿಸ್ಡ್ ಕಾಲ್ ಎಂದುಕೊಂಡು ಅವರು ಎತ್ತುವುದಿಲ್ಲ. ಮತ್ತೆ ಮಾಡಿ. ಏನಾಯ್ತೇ, ಯಾರು ಹೋದ್ರೇ ಎಂದು ಗಾಬರಿಯಾಗಿ ಎತ್ತುತ್ತಾರೆ. ಯಾರೂ ಹೋಗಿಲ್ಲ, ಸುಮ್ಮನೆ ಮಾಡಿದೆ ಎಂದು ಹೇಳಿ. ಆಮೇಲೆ ಒಲೆಯ ಮೇಲಿನದು ಸೀದುಹೋಗುವ ತನಕ ಮಾತಾಡಿ. ಬೇಕಾದವರೂ ಒಂದೊಂದು ಸಲ ಎತ್ತಿ ಮಾತಾಡುತ್ತಾರೆ ಎಂದು ಬೆಸುಗಮ್ಮನಿಗೆ ಒಂದು ಉದಾಹರಣೆ ಸಿಕ್ಕರೆ ಸಾಕು. ಉಳಿದದ್ದನ್ನು ಆಕೆ ಕಲಿಯುತ್ತಾಳೆ, ಕಲಿಯುವುದರಲ್ಲಿ ಚುರುಕು.

ಈ ಕಾಗದವನ್ನು ಈಗಲೇ ಹಿಂದಂಚೆಗೆ ಹಾಕುತ್ತೇನೆ. ನಾಳೆ ಬೆಳಿಗ್ಗೆ, ಅಕ್ಕನನ್ನು ಒಳಗೆ ಕರೆದುಕೊಂಡು ಹೋಗುವುದಕ್ಕೆ ಮುಂಚೆ, ಫೋನ್ ಮಾಡುತ್ತೇನೆ. ಒಂದು ರಿಂಗ್ ಬರುತ್ತದೆ, ಅದು ಗೊತ್ತಿದ್ದದ್ದೇ. ಎರಡನೆಯದು ಬಂದರೆ ನೀವು ಫೋನ್ ಮಾಡಿದಿರಿ ಎಂದು ತಿಳಿಯುತ್ತೇನೆ. ಅಕ್ಕ ಎತ್ತಿದರೆ ಏನು ಹೇಳಬೇಕೆಂದು ಯೋಚಿಸಿಟ್ಟುಕೊಂಡಿದ್ದೇನೆ. ನಿನ್ನ ಮುದ್ದೆಯಲ್ಲಿ ಗಂಟಿರಲಿಲ್ಲ ಅಕ್ಕ ಎಂದು ಹೇಳುತ್ತೇನೆ.

ಇತ್ತು. ಆದರೂ ಹೇಳುತ್ತೇನೆ.

ಕಿವಿಬಿಲ್ಲೆ ಅಂಟಿಸಿಕೊಂಡೇ ಕೂತಿರುವ ನಿಮ್ಮ ವಂಶದ ಕುಡಿ,
ಜೇನುಕಲ್ಲಪ್ಪ